ಮರಾಕೆಶ್‌ನ ಜಮಾ ಅಲ್-ಫ್ನಾ ಚೌಕದಾಗ ರಾತ್ರಿ ಸಂಗೀತ: ಎಲ್ಲೆ ನಿಂದ್ರಬೇಕು, ಎಷ್ಟು ಕೊಡಬೇಕು, ಹೆಂಗ ರೆಕಾರ್ಡ್ ಮಾಡಬೇಕು?

ಉಣಕಲ್_ದಂಡಿ, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ಬರೋ ನವೆಂಬರ್‌ದಾಗ ನಾವು ನಾಲ್ಕು ಮಂದಿ ಮೊರಾಕ್ಕೋಕ್ಕ ಹೊಂಟೀವಿ. ಮರಾಕೆಶ್‌ದಾಗ ಮೂರು ರಾತ್ರಿ ಇರ್ತೀವಿ. ಅರಮನಿ, ತ್ವಾಟ, ಬಜಾರ ಎಲ್ಲಾ ಹಗಲಿಗೆ ಬಿಟ್ಟು ಮೂರೂ ರಾತ್ರಿ ಜಮಾ ಅಲ್-ಫ್ನಾ ಚೌಕಕ್ಕ ಇಟ್ಟೀವಿ. ಅಲ್ಲೆ ಬಯಲಾಗ ಕುಂತು ನುಡಸೋರನ್ನ ಕೇಳೋದ ಮುಖ್ಯ ಕೆಲಸ. ನಮ್ಮೊಳಗ ಒಬ್ರು ತಬಲಾ ನುಡಸ್ತಾರ, ಒಬ್ರು ಭಜನಿ ಮೇಳದಾಗ ದಮ್ಮಡಿ ಹಿಡೀತಾರ. ಇಬ್ರು ಹೆಣ್ಮಕ್ಕಳದಾರ.

ಕೇಳೋದೇನಂದ್ರ, ಎಷ್ಟು ಹೊತ್ತಿಗೆ ಹೋಗಬೇಕು, ಯಾವಾಗ ಎದ್ದು ಬರಬೇಕು? ಹತ್ತಾರು ಗುಂಪು ಒಮ್ಮೆಗೇ ನುಡಸ್ತಾವಂತ, ಯಾರು ಏನು ನುಡಸ್ತಾರಂತ ಗುರುತು ಹಿಡಿಯೋದು ಹೆಂಗ? ರೊಕ್ಕ ಎಷ್ಟು, ಯಾರ ಕೈಯಾಗ ಕೊಡಬೇಕು? ಸಣ್ಣ ರೆಕಾರ್ಡರ್ ಒಂದು ಐತಿ, ಒಯ್ದ್ರ ನಡೀತೈತೇನು? ಸುತ್ತಲಿನ ಕೆಫೆ ಮಾಳಿಗಿ ಮ್ಯಾಲ ಕುಂತು ಕೇಳೋದು ಚಲೋ ಅಂತ ಒಬ್ರು ಹೇಳಿದ್ರು, ಖರೇ ಏನು? ತಿಳಿದವರು ಬಿಡಿಸಿ ಹೇಳ್ರಿ.

---

ಕಿನ್ನರಿ_ನಾದ, ಗದಗ

ಮಾಳಿಗೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಬಹಳ ಮಂದಿ ಇಡೀ ರಾತ್ರಿಯನ್ನು ಅಲ್ಲೇ ಕಳೆದುಕೊಳ್ಳುತ್ತಾರೆ. ಮೇಲಿಂದ ಕಾಣುವುದು ದೀಪ, ಹೊಗೆ, ಜನ, ಪಶ್ಚಿಮಕ್ಕೆ ಕುತುಬಿಯಾ ಮಸೀದಿಯ ಮಿನಾರು. ನೋಟ ಚಂದ, ಒಪ್ಪಬೇಕಾದ್ದೇ. ಆದರೆ ಕಿವಿಗೆ ಬರುವುದು ಹತ್ತು ಗುಂಪುಗಳ ಸದ್ದು ಕಲಸಿದ ಗದ್ದಲ. ಕಬ್ಬಿಣದ ತಾಳ, ಡೋಲು ಏರಿ ಬರುತ್ತವೆ. ತಂತಿವಾದ್ಯದ ಮೆತ್ತನೆಯ ದನಿ ಅದರೊಳಗೆ ಮುಚ್ಚಿಹೋಗುತ್ತದೆ. ಹೊತ್ತು ಮುಳುಗುವ ಮುಂದೆ ಅರ್ಧ ತಾಸು ಮೇಲೆ ಕೂತು ಒಂದು ಪುದೀನಾ ಚಹಾ ಕುಡಿಯಿರಿ (ಏನಾದರೂ ಕೊಳ್ಳದೆ ಮಾಳಿಗೆಗೆ ಬಿಡುವುದಿಲ್ಲ), ಯಾವ ಮೂಲೆಯಲ್ಲಿ ಯಾವ ಗುಂಪು ಕೂಡುತ್ತಿದೆ ಎಂದು ಕಣ್ಣಿಗೆ ಹಾಕಿಕೊಳ್ಳಿ, ಇಳಿದುಬಿಡಿ.

ಅಲ್ಲಿ ವೇದಿಕೆ ಇಲ್ಲ, ಟಿಕೆಟ್ ಇಲ್ಲ, ಇಷ್ಟು ಗಂಟೆಗೆ ಇಂಥವರು ಎಂಬ ಪಟ್ಟಿಯೂ ಇಲ್ಲ. ನುಡಿಸುವವರು ನೆಲದ ಮೇಲೋ ಸಣ್ಣ ಸ್ಟೂಲಿನ ಮೇಲೋ ಕೂರುತ್ತಾರೆ, ಜನ ಸುತ್ತುಗಟ್ಟುತ್ತಾರೆ. ಆ ಸುತ್ತಿಗೆ ಹಲ್ಕಾ ಎನ್ನುತ್ತಾರೆ. ನಮ್ಮೂರ ಉರ್ದುವಿನ ಹಲ್ಕಾ ಇದೇ ಅರಬ್ಬಿ ಶಬ್ದ. ಒಳಸುತ್ತಿನವರು ಕೂತಿರುತ್ತಾರೆ, ಅವರ ಹಿಂದೆ ನಿಂತವರು ಎರಡು ಮೂರು ಸಾಲು. ಹಾಡು, ಕಥೆ, ಹಾಸ್ಯ, ದೊಂಬರಾಟ ಎಲ್ಲಕ್ಕೂ ಇದೇ ಏರ್ಪಾಡು. ಯುನೆಸ್ಕೊ 2001ರಲ್ಲಿ ಮನ್ನಣೆ ಕೊಟ್ಟಿದ್ದು, 2008ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಯಾವುದೋ ಒಂದು ವಾದ್ಯವನ್ನಲ್ಲ, ಯಾವುದೋ ಒಂದು ಹಾಡನ್ನೂ ಅಲ್ಲ, ಹಲ್ಕಾ ಕೂಡುವ ಆ ಬಯಲನ್ನೇ. ಮರಾಕೆಶ್‌ನಲ್ಲೇ ನೆಲೆಸಿದ್ದ ಸ್ಪೇನಿನ ಲೇಖಕ ಹುವಾನ್ ಗೊಯ್ತಿಸೊಲೊ ಅದಕ್ಕಾಗಿ ಬಹಳ ಓಡಾಡಿದರು.

ಹೊತ್ತಿನ ಲೆಕ್ಕ. ನವೆಂಬರ್ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಅಷ್ಟೊತ್ತಿಗೆ ಊಟದ ಅಂಗಡಿಗಳು ಸಾಲುಗಟ್ಟಿ ಒಲೆ ಹಚ್ಚಿರುತ್ತವೆ. ಸಂಜೆಯ ಅಜಾನ್ ಆದಾಗ, ಮತ್ತೆ ಎಂಟರ ಸುಮಾರಿಗೆ ರಾತ್ರಿಯ ಅಜಾನ್ ಆದಾಗ ವಾದ್ಯ ನಿಲ್ಲುತ್ತವೆ. ಎರಡನೆಯದು ಮುಗಿದ ಮೇಲೆಯೇ ಹಲ್ಕಾಗಳು ಗಟ್ಟಿಯಾಗುವುದು. ಒಂಬತ್ತರಿಂದ ಹನ್ನೆರಡರ ತನಕ ಇಟ್ಟುಕೊಳ್ಳಿ. ಶನಿವಾರ ರಾತ್ರಿ ಊರಿನ ಜನವೇ ಹೆಚ್ಚು ಬರುತ್ತಾರೆ. ಅಂದು ಹಾಡುವವರು ಪ್ರವಾಸಿಗರ ಮೋರೆ ನೋಡಿ ಹಾಡನ್ನು ಗಿಡ್ಡ ಮಾಡುವುದಿಲ್ಲ. ನಿಮ್ಮ ಮೂರು ರಾತ್ರಿಯಲ್ಲಿ ಒಂದು ಶನಿವಾರ ಬರುವ ಹಾಗೆ ನೋಡಿಕೊಳ್ಳಿ. ಇದನ್ನು ಓದುವ ಬೇರೆಯವರಿಗೆ: ರಂಜಾನ್ ತಿಂಗಳಾದರೆ ಲೆಕ್ಕವೇ ಬೇರೆ. ರೋಜಾ ಬಿಟ್ಟು ರಾತ್ರಿಯ ನಮಾಜು ಮುಗಿಯುವ ತನಕ ಚೌಕಕ್ಕೆ ಜೀವ ಬರುವುದಿಲ್ಲ, ಗಡಿಯಾರವನ್ನೂ ಆ ತಿಂಗಳು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ.

ನಮಗೂ ಅವರಿಗೂ ನಾಲ್ಕೂವರೆ ತಾಸು ಅಂತರ. ಅಲ್ಲಿನ ರಾತ್ರಿ ಹತ್ತು ಅಂದರೆ ನಿಮ್ಮ ಮೈಗೆ ಇನ್ನೂ ಹುಬ್ಬಳ್ಳಿಯ ನಸುಕಿನ ಎರಡೂವರೆ. ಮೊದಲ ದಿನ ಮಧ್ಯಾಹ್ನ ಎರಡು ತಾಸು ಮಲಗದಿದ್ದರೆ ಹಲ್ಕಾ ಕಾವೇರುವ ಹೊತ್ತಿಗೆ ನಿಮ್ಮ ಕಣ್ಣು ಎಳೆಯುತ್ತಿರುತ್ತವೆ. ರಾತ್ರಿ ಚಳಿ ಹತ್ತು ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ನೆಲ ತಣ್ಣಗಿರುತ್ತದೆ. ಕೂರಲು ಒಂದು ಮಡಚಿದ ಶಾಲು ಬೇಕೇ ಬೇಕು.

ಈಗ ಗುರುತು. ಕಬ್ಬಿಣದ ಜೋಡಿ ತಾಳ, ಕವಡಿ ಹೊಲಿದ ಟೊಪ್ಪಿಗೆ, ಅದರ ತುದಿಗೆ ತಲೆ ತಿರುಗಿಸಿದರೆ ಚಕ್ರದ ಹಾಗೆ ಸುತ್ತುವ ಗೊಂಡೆ: ಅವರು ಗ್ನಾವಾ, ಪಶ್ಚಿಮ ಆಫ್ರಿಕ ಮೂಲದ ಹಾಡುಗಾರರು. ಪಿಟೀಲನ್ನು ಮೊಣಕಾಲ ಮೇಲೆ ನೆಟ್ಟಗೆ ನಿಲ್ಲಿಸಿ ಕಮಾನು ಎಳೆಯುತ್ತಿದ್ದರೆ ಅದು ಕಮಂಜಾ. ಜೊತೆಗೆ ಬ್ಯಾಂಜೊ ಅಥವಾ ಊದ್ ಎಂಬ ತಂತಿವಾದ್ಯ, ದಮ್ಮಡಿಯಂಥ ಬೆಂದಿರ್, ಹೂಜಿಯಾಕಾರದ ಚರ್ಮವಾದ್ಯ ದರ್ಬುಕಾ ಇದ್ದರೆ ಶಾಬಿ ಎಂಬ ಜನಪ್ರಿಯ ಹಾಡಿನ ಮೇಳ. ಕೇಳುವವರ ಚಪ್ಪಾಳೆಯೂ ಅಲ್ಲಿ ತಾಳದ ಒಂದು ಭಾಗ. ಕುದುರೆ ಕೂದಲಿನ ಒಂದೇ ತಂತಿಯ ರ‍್ರಿಬಾಬ್ ಮತ್ತು ಲೋತಾರ್ ಎಂಬ ಸಣ್ಣ ತಂತಿವಾದ್ಯ ಕಂಡರೆ ಅವರು ದಕ್ಷಿಣದ ಸೂಸ್ ಸೀಮೆಯ ಅಮಾಜಿಗ್ (ಬರ್ಬರ್) ಹಾಡುಗಾರರು, ರ‍್ವಾಯಿಸ್. ಅವರ ನಾಕೂಸ್ ಎಂಬ ತಾಳವಾದ್ಯ ಎಷ್ಟೋ ಸಲ ಹಳೆ ಗಾಡಿಯ ಕಬ್ಬಿಣದ ಭಾಗವೇ, ಎರಡು ಕಡ್ಡಿಯಿಂದ ಬಡಿಯುತ್ತಾರೆ. ಬಂಡಿಯ ಗಾಲಿಗೆ ಚರ್ಮ ಬಿಗಿದು ಜಗ್ಗಲಿಗಿ ಮಾಡಿದ ಬ್ಯಾಹಟ್ಟಿ ಕಡೆಯವರಿಗೆ ಇದು ಹೊಸದೆನಿಸಲಿಕ್ಕಿಲ್ಲ. ಸನಾದಿಯ ಹಾಗೆ ಉಸಿರು ಮುರಿಯದೆ ಊದುವುದು ಘೈತಾ. ಅದು ಹೆಚ್ಚಾಗಿ ಹಗಲು ಹೊತ್ತು ಹಾವಾಡಿಗರ ಹತ್ತಿರ ಇರುತ್ತದೆ. ಹಾವಿಗೆ ಅಲ್ಲಿ ಆಗುವ ಹಿಂಸೆಗೆ ನಿಮ್ಮ ರೊಕ್ಕ ಸೇರಬಾರದು, ಆ ಕಡೆ ನಿಲ್ಲಬೇಡಿ. ಕೆಂಪು ಅಂಗಿ, ಅಗಲ ಟೊಪ್ಪಿಗೆ, ಎದೆ ಮೇಲೆ ಹಿತ್ತಾಳೆ ಬಟ್ಟಲು ತೂಗಾಡುವವರನ್ನು ಕೆಲವರು ಗ್ನಾವಾ ಎಂದು ತಿಳಿಯುತ್ತಾರೆ. ಅವರು ನೀರು ಮಾರುವ ಗೆರ‍್ರಾಬ್‌ಗಳು, ವಾದ್ಯಕ್ಕೂ ಅವರಿಗೂ ಸಂಬಂಧ ಇಲ್ಲ.

ಒಂದು ರಾತ್ರಿಗೆ ಒಂದು ಹಲ್ಕಾ, ಹೆಚ್ಚಂದರೆ ಎರಡು. ಎರಡು ನಿಮಿಷ ಇಲ್ಲಿ, ಎರಡು ನಿಮಿಷ ಅಲ್ಲಿ ಎಂದು ಅಡ್ಡಾಡಿದವರಿಗೆ ಎಲ್ಲ ಹಾಡೂ ಒಂದೇ ಥರ ಕೇಳುತ್ತವೆ. ಅಲ್ಲಿನ ಹಾಡು ಕಾವೇರಲು ಎಂಟು ಹತ್ತು ನಿಮಿಷ ಬೇಕು.

---

ಮಾತ್ರಾಗಣಿತ, ಧಾರವಾಡ

ತಬಲಾ ನುಡಿಸುವವರು ಇದ್ದಾರೆ ಎಂದಿರಿ, ಅವರಿಗಾಗಿ ಗ್ನಾವಾದ ಒಳಗುಟ್ಟು ಸ್ವಲ್ಪ.

ಮುಖ್ಯ ವಾದ್ಯ ಗೆಂಬ್ರಿ. ಒಂದೇ ಮರದ ದಿಮ್ಮಿಯನ್ನು ದೋಣಿಯ ಹಾಗೆ ಕೊರೆದು ಮೇಲೆ ಒಂಟೆಯ ಚರ್ಮ ಬಿಗಿದಿರುತ್ತಾರೆ. ಮೂರು ತಂತಿ, ಹಳೆಯ ಕ್ರಮದಲ್ಲಿ ಆಡಿನ ಕರುಳಿನವು, ಈಗೀಗ ನೈಲಾನೂ ಬಂದಿದೆ. ದಪ್ಪ ತಂತಿ ಮಂದ್ರ ಷಡ್ಜ ಅಂದುಕೊಳ್ಳಿ. ಇನ್ನೊಂದು ಅದರ ಮಧ್ಯಮಕ್ಕೆ. ಮೂರನೆಯದು ಗಿಡ್ಡ, ದಂಡದ ಅರ್ಧಕ್ಕೇ ಮುಗಿಯುತ್ತದೆ, ದಪ್ಪ ತಂತಿಗಿಂತ ಒಂದು ಸಪ್ತಕ ಮೇಲೆ, ಬೆರಳಿಡದೆ ಖಾಲಿಯಾಗಿಯೇ ಮಿಡಿಯುತ್ತದೆ. ಮಾಲಕಂಸಕ್ಕೆ ತಂಬೂರಿಯನ್ನು ಮಧ್ಯಮಕ್ಕೆ ಕೂಡಿಸಿದಾಗ ಬರುವ ನೆಲೆ ನೆನಪಿದ್ದರೆ ಶ್ರುತಿ ಬೇಗ ಹಿಡಿಯುತ್ತದೆ. ಸ್ವರ ಐದೇ, ಅರ್ಧಸ್ವರದ ಅಂತರ ಇಲ್ಲದ ಐದು. ಧಾನಿ, ಮಧ್ಮಾದ್ ಸಾರಂಗ ಕೇಳಿ ಬೆಳೆದ ಕಿವಿಗೆ ಸುಳಿವು ಸಿಕ್ಕ ಹಾಗೆ ಆಗುತ್ತದೆ. ಆದರೆ ರಾಗ ಹುಡುಕುತ್ತ ಕೂರಬೇಡಿ. ಅಲ್ಲಿ ಆಲಾಪದ ಬೆಳವಣಿಗೆ ಇಲ್ಲ, ಒಂದು ಸಣ್ಣ ಸ್ವರಗುಚ್ಛ ಮರಳಿ ಮರಳಿ ಬಂದು ತುಸು ತುಸುವೇ ಬದಲಾಗುತ್ತದೆ. ಆ ತುಸು ಬದಲಾವಣೆಯಲ್ಲೇ ನುಡಿಸುವವನ ಬುದ್ಧಿವಂತಿಕೆ ಇರುವುದು.

ಬಲಗೈ ನೋಡಿ. ಬೆರಳು ತಂತಿ ಮೀಟುತ್ತಲೇ ಚರ್ಮಕ್ಕೂ ತಟ್ಟುತ್ತದೆ. ತಂತಿ ಮತ್ತು ಡಗ್ಗಾ ಎರಡರ ಕೆಲಸ ಒಂದೇ ಕೈಯಲ್ಲಿ. ದಂಡದ ತುದಿಗೆ ಸಣ್ಣ ಉಂಗುರಗಳನ್ನು ಪೋಣಿಸಿದ ಒಂದು ತಗಡು ಸಿಕ್ಕಿಸಿರುತ್ತಾರೆ, ಪ್ರತಿ ಮೀಟಿಗೂ ಅದು ಝಲ್ ಎನ್ನುತ್ತದೆ. ತಂಬೂರಿಗೆ ಜೀವಾಳ ಹೇಗೋ ಹಾಗೆ, ಆ ಝಲ್ಲು ದೋಷವಲ್ಲ, ಬೇಕಂತಲೇ ಇಟ್ಟದ್ದು. ಗೆಂಬ್ರಿ ಹಿಡಿದವನೇ ಮುಖ್ಯ ಹಾಡುಗಾರ, ಮಾಲೆಮ್. ಉರ್ದುವಿನಲ್ಲಿ ಮುಅಲ್ಲಿಮ್ ಎಂದರೆ ಗುರು, ಅದೇ ಮಾತು. ಅವನು ಒಂದು ಸಾಲು ಹಾಡಿದರೆ ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ, ನಮ್ಮ ಗೀಗೀ ಮೇಳದಂತೆ.

ಉಳಿದವರ ಕೈಯಲ್ಲಿ ಕ್ರಾಕೆಬ್, ಪ್ರತಿ ಕೈಗೆ ಎರಡು ಕಬ್ಬಿಣದ ತಗಡು, ಎರಡು ತುದಿಗೂ ಬಟ್ಟಲಿನಂಥ ಉಬ್ಬು. ಲಯದ ತೊಡಕು ಇಲ್ಲೇ ಇದೆ. ಒಂದು ಹೊಡೆತದೊಳಗೆ ಮೂರು ಪೆಟ್ಟು ಬೀಳುತ್ತವೆ. ಅವು ಸಮನಾದ ಮೂರು ಪಾಲಲ್ಲ, ನಾಲ್ಕು ಪಾಲಿನಲ್ಲಿ ಮೂರನ್ನು ತುಂಬಿ ಒಂದನ್ನು ಬಿಟ್ಟದ್ದೂ ಅಲ್ಲ. ಎರಡರ ನಡುವೆ ಎಲ್ಲೋ ನಿಲ್ಲುತ್ತವೆ. ಹಾಗಾಗಿ ಆರು ಮಾತ್ರೆಯ ದಾದ್ರಾ ತಾಳ ಹಿಡಿದು ಎಣಿಸಿದರೆ ನಾಲ್ಕು ಆವರ್ತನದಲ್ಲಿ ಜಾರುತ್ತೀರಿ, ಎಂಟು ಮಾತ್ರೆಯ ಕೆಹರ್ವಾ ಹಿಡಿದರೂ ಜಾರುತ್ತೀರಿ. ಎಣಿಕೆಯನ್ನು ಕ್ರಾಕೆಬ್ ಮೇಲೆ ಕಟ್ಟಬೇಡಿ. ಗೆಂಬ್ರಿಯ ದಪ್ಪ ತಂತಿ ಬೀಳುವ ಜಾಗವನ್ನು ಸಮ್ (ಆವರ್ತನದ ಮೊದಲ ಪೆಟ್ಟು) ಎಂದು ಹಿಡಿಯಿರಿ, ಕುಣಿಯುವವರ ಹೆಜ್ಜೆ ನೋಡಿ ಖಾತ್ರಿ ಮಾಡಿಕೊಳ್ಳಿ. ಕ್ರಾಕೆಬ್ ತಾನಾಗಿ ಅದರ ಸುತ್ತ ಕೂಡುತ್ತದೆ. ಲಯ ಏರುತ್ತ ಹೋಗುತ್ತದೆ, ಆದರೆ ನಮ್ಮ ದುಗುನ್, ಚೌಗುನ್ ಹಾಗೆ ಒಮ್ಮೆಲೇ ಅಲ್ಲ. ಗೊತ್ತೇ ಆಗದ ಹಾಗೆ ನೂಕುತ್ತ ನೂಕುತ್ತ, ಕೊನೆಗೆ ಶುರುವಿನ ಹತ್ತಿರ ಹತ್ತಿರ ಎರಡು ಪಟ್ಟು.

ಇನ್ನೊಂದು ಸಂಗತಿ. ಗ್ನಾವಾದವರು ಮೆರವಣಿಗೆಯಲ್ಲಿ ಹೊರಟಾಗ ಗೆಂಬ್ರಿ ಇರುವುದಿಲ್ಲ, ತ್ಬೆಲ್ ಎಂಬ ದೊಡ್ಡ ಡೋಲು ಮತ್ತು ಕ್ರಾಕೆಬ್ ಮಾತ್ರ. ಡೋಲಿನ ಒಂದು ಕಡ್ಡಿ ಬಾಗಿದ್ದು, ಇನ್ನೊಂದು ನೇರ. ತ್ಬೆಲ್, ತಬಲಾ ಎರಡೂ ಅರಬ್ಬಿಯ ತಬ್ಲ್ ಎಂಬ ಒಂದೇ ಬೇರಿನವು. ಚೌಕದಲ್ಲಿ ತಿರುಗಾಡುತ್ತ ನುಡಿಸುವ ಗುಂಪುಗಳು ಹೆಚ್ಚಾಗಿ ಹೀಗೇ. ಗೆಂಬ್ರಿ ಕೇಳಬೇಕಾದರೆ ಕೂತು ನುಡಿಸುವ ಗುಂಪನ್ನೇ ಹುಡುಕಬೇಕು.

---

ಮಾಳಮಡ್ಡಿ_ಓಣಿ, ಧಾರವಾಡ

ರೊಕ್ಕದ್ದು ಮತ್ತು ಗದ್ದಲದ್ದು ನಾನು ಹೇಳ್ತೀನ್ರಿ.

ಎಟಿಎಮ್‌ದಾಗ ಬರೋವು 100, 200 ದಿರ್ಹಮ್ ನೋಟು. ಅವನ್ನ ಹಿಡ್ಕೊಂಡು ಹಲ್ಕಾಕ್ಕ ಹೋಗಬ್ಯಾಡ್ರಿ, ಚಿಲ್ಲರ ವಾಪಸ್ ಬರೂದಿಲ್ಲ. ಸಂಜಿಮುಂದ ಕಿತ್ತಳಿ ರಸದ ಗಾಡಿ, ನೀರಿನ ಬಾಟ್ಲಿ ಅಂತ ಮುರಿಸಿ 5, 10ರ ನಾಣ್ಯ, 20ರ ನೋಟು ಮಾಡಿಟ್ಕೋರಿ. ನಾಲ್ಕು ಮಂದಿಗೆ ರಾತ್ರಿಗೆ 150–200 ದಿರ್ಹಮ್ ಬ್ಯಾರೆ ಕಿಸೆದಾಗ ಇರ್ಲಿ, ಪಾಕೀಟು ಒಳಗ ಇರ್ಲಿ. ಸುಮ್ನ ನಿಂತು ಕೇಳಿದ್ರ ಒಬ್ಬೊಬ್ರು 5–10 ಹಾಕಿದ್ರ ಗೌರವದ ಮಾತು. ಫೋಟೋ ತಗದ್ರ 10–20. ಕುಂತು ಒಂದಿಡೀ ಹಾಡು ರೆಕಾರ್ಡ್ ಮಾಡೋದಿದ್ರ ಮೊದಲ ಕೇಳಿ 50–100ಕ್ಕ ಮಾತಾಡಿ ಮುಗಿಸ್ರಿ. ಆಮ್ಯಾಗ ಮಾತಾಡಿದ್ರ ಅದು ಜಗಳಾನ ಆಗ್ತದ. ಹಾಡಿ ಹೊಟ್ಟಿ ಹೊರಿಯೋ ಮಂದಿ ಅವರು, ಪುಕ್ಕಟ ತಗೊಂಡು ಬರೋದು ಚಲೋ ಅಲ್ಲ.

ತಾಟು ಅಥವಾ ಟೊಪ್ಪಿಗಿ ಹಿಡ್ಕೊಂಡು ಒಬ್ಬಾಂವ ಸುತ್ತ ಬರ್ತಾನ. ಹಾಡು ಭರತಿಗೆ ಬಂದಾಗ ನಡಬರಕ ನಿಲ್ಲಿಸಿ ಬರೋದು ಅವರ ರೂಢಿ. ಅವಾಗ ಎದ್ದು ಹೋಗೋದು ಅಲ್ಲೆ ಭಾಳ ಕೆಟ್ಟ ಕಾಣ್ತದ. ಆ ತಾಟಿಗೆ ಮಾತ್ರ ಹಾಕ್ರಿ. ಹೊರಗ ಬಂದಮ್ಯಾಗ "ನಾನೂ ಅದ ಗುಂಪಿನಾಂವ" ಅಂತ ಕೈ ಒಡ್ಡೋರು ಸಿಗ್ತಾರ, ಅವರಿಗೆ ಕೊಡೋದು ಬ್ಯಾಡ.

ಹೆಣ್ಮಕ್ಕಳು ಹಿಂದಿನ ಸಾಲಿನಾಗ ನಿಂದ್ರಬಾರದು. ಕಿಸೆ ಕತ್ತರಿಸೋರು, ಮೈಗೆ ಮೈ ತಾಗಿಸೋರು ಎಲ್ಲಾ ಹಿಂದಿನ ನೂಕಾಟದಾಗನ ಇರ್ತಾರ. ಹಲ್ಕಾ ಕೂಡೋ ಹೊತ್ತಿಗೇ ಹೋಗಿ ಒಳಸುತ್ತಿನಾಗ, ಊರಿನ ಕುಟುಂಬದವರ ಬಾಜೂಕ ಕುಂತ್ರ ಯಾರೂ ಮಾತಾಡ್ಸೂದಿಲ್ಲ. ಚೀಲ ತೊಡಿ ಮ್ಯಾಲ, ಪಟ್ಟಿ ಕೈಗೆ ಸುತ್ತಿರಲಿ. ಮೆಹಂದಿ ಹಚ್ಚೋರು ಕೇಳದನ ಕೈ ಹಿಡಿದು ಗೆರಿ ಎಳದ ಬಿಡ್ತಾರ, ಆಮ್ಯಾಗ ದೊಡ್ಡ ರೊಕ್ಕ ಕೇಳ್ತಾರ. ಅಡ್ಡಾಡುವಾಗ ಕೈ ಮಡಚಿಕೊಂಡಿರ್ರಿ. ಕಪ್ಪಗ ಕಾಣೋ ಮೆಹಂದಿ ಅಂತೂ ಹಚ್ಚಿಸ್ಕೋಲೇಬ್ಯಾಡ್ರಿ, ಅದರಾಗಿನ ರಾಸಾಯನಿಕಕ್ಕ ಚರ್ಮ ಬೊಕ್ಕಿ ಏಳ್ತದ.

ಬ್ಯಾಡ ಅನ್ನಾಕ "ಲಾ, ಶುಕ್ರನ್". ಎಷ್ಟು ಅಂತ ಕೇಳಾಕ "ಬ್‌ಶ್ಹಾಲ್?" ಕ್ಯಾಮೆರಾ ತೋರಿಸಿ "ಮುಮ್ಕಿನ್?" ಅಂದ್ರ ಸಾಕು, ಹುಬ್ಬಳ್ಯಾಗ ಕೇಳೋ ಮುಮ್ಕಿನ್ನ ಅದು. ಹಾಡು ಮನಸ್ಸಿಗೆ ಹತ್ತಿದ್ರ "ತ್ಬಾರ್ಕಲ್ಲಾ" ಅನ್ರಿ. ಬೈಠಕ್ಕಿನಾಗ ನಾವು ವಾಹ್ ಅಂತೀವಲ್ಲ, ಹಂಗ.

ಪೊಲೀಸರ ಫೋಟೋ ತಗೀಬ್ಯಾಡ್ರಿ. ಡ್ರೋನ್ ಒಯ್ಯಬ್ಯಾಡ್ರಿ, ಪರವಾನಗಿ ಇಲ್ಲದ್ದನ್ನ ವಿಮಾನ ನಿಲ್ದಾಣದಾಗನ ಜಪ್ತಿ ಮಾಡ್ತಾರ.

---

ಧ್ವನಿಗ್ರಾಹಿ, ವಿದ್ಯಾನಗರ ಹುಬ್ಬಳ್ಳಿ

ರೆಕಾರ್ಡರ್ ಅಗತ್ಯವಾಗಿ ಒಯ್ಯಿರಿ. ಆದರೆ ಹೋಗುವ ಮುನ್ನ ಊರಲ್ಲೇ ಪರೀಕ್ಷೆ ಮಾಡಿ, ಚೌಕದಲ್ಲಿ ನಿಂತು ಗುಂಡಿ ಹುಡುಕುವಂತಾಗಬಾರದು.

ಅಲ್ಲಿನ ಕಷ್ಟ ಒಂದೇ. ಕ್ರಾಕೆಬ್ ವಿಪರೀತ ಜೋರು, ಚೂಪು. ಗೆಂಬ್ರಿ ಮೆದು, ಮಂದ್ರ, 100 ಹರ್ಟ್ಸ್‌ಗಿಂತ ಕೆಳಗೂ ಇಳಿಯುತ್ತದೆ. ಫೋನು ತನ್ನಷ್ಟಕ್ಕೆ ಮಟ್ಟ ಏರಿಸಿ ಇಳಿಸುವುದರಿಂದ ಪ್ರತಿ ಕ್ರಾಕೆಬ್ ಪೆಟ್ಟಿಗೂ ಇಡೀ ಧ್ವನಿ ಕುಗ್ಗುತ್ತದೆ, ಗೆಂಬ್ರಿ ಮಾಯವಾಗುತ್ತದೆ. ಮನೆಗೆ ಬಂದು ಕೇಳಿದರೆ ತಗಡಿನ ಸದ್ದು ಮಾತ್ರ. ರೆಕಾರ್ಡರ್‌ನಲ್ಲಿ ಆಟೋ ಲೆವೆಲ್ ಮತ್ತು ಲಿಮಿಟರ್ (ಜೋರು ಸದ್ದನ್ನು ತಾನೇ ಅದುಮುವುದು) ಎರಡನ್ನೂ ಆಫ್ ಮಾಡಿ, ಕೈಯಾರೆ ಗೇನ್ (ಧ್ವನಿ ಹಿಡಿಯುವ ಮಟ್ಟ) ಇಡಿ. ಅತಿ ಜೋರಿನ ಪೆಟ್ಟು ಮೈನಸ್ 12 ಡಿಬಿ (ಡೆಸಿಬೆಲ್) ಆಸುಪಾಸಿನಲ್ಲಿರಲಿ, ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ. ಹಾಡು ಏರುತ್ತ ಹೋಗುವುದರಿಂದ ಕೊನೆಗೆ ಇನ್ನೂ ಆರೇಳು ಡಿಬಿ ಮೇಲೆ ಹೋಗುತ್ತದೆ. ಶುರುವಿನಲ್ಲೇ ಮೈನಸ್ 3ಕ್ಕೆ ಇಟ್ಟವರ ಅಂತ್ಯ ಒಡೆದಿರುತ್ತದೆ. 24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲ್. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ, 32 ಜಿಬಿ ಕಾರ್ಡು ಮೂರು ರಾತ್ರಿಗೆ ಧಾರಾಳ. ನಿಮ್ಮದು ಅತಿ ಮೆದು, ಅತಿ ಜೋರು ಎರಡನ್ನೂ ಒಡೆಯದೆ ಹಿಡಿಯುವ 32 ಬಿಟ್ ಫ್ಲೋಟ್ ಮಾದರಿಯಾದರೆ ಗೇನ್ ಚಿಂತೆ ಕಡಿಮೆ. ಆದರೂ ಮೈಕಿನ ಕ್ಯಾಪ್ಸೂಲೇ ತಡೆಯದಷ್ಟು ಹತ್ತಿರ ಹಿಡಿದರೆ ಅದಕ್ಕೆ ಮದ್ದಿಲ್ಲ.

ಮಂದ್ರ ಸದ್ದನ್ನು ಕತ್ತರಿಸುವ ಲೋ ಕಟ್ ಎಂಬ ಗುಂಡಿ ಇರುತ್ತದೆ, 80 ಅಥವಾ 100 ಹರ್ಟ್ಸ್‌ನದು. ಗಾಳಿ ಸದ್ದು ಕಡಿಮೆ ಮಾಡಲು ಎಲ್ಲರೂ ಅದನ್ನು ಆನ್ ಮಾಡುತ್ತಾರೆ. ಗೆಂಬ್ರಿಗೆ ಆನ್ ಮಾಡಿದರೆ ವಾದ್ಯದ ಬುಡವೇ ಕತ್ತರಿಸಿದಂತೆ. ಗಾಳಿಗೆ ಕೂದಲಿನ ವಿಂಡ್‌ಶೀಲ್ಡ್ ಹಾಕಿ, ಲೋ ಕಟ್ ಆಫ್ ಇರಲಿ.

ಜಾಗ ಗೇನ್‌ಗಿಂತ ಮುಖ್ಯ. ಬಯಲಲ್ಲಿ ದೂರ ಅರ್ಧವಾದರೆ ಧ್ವನಿ ಸುಮಾರು 6 ಡಿಬಿ ಹೆಚ್ಚುತ್ತದೆ. ಗೆಂಬ್ರಿಯಿಂದ ಒಂದು ಮೀಟರ್, ಕ್ರಾಕೆಬ್‌ನಿಂದ ಎರಡು ಮೂರು ಮೀಟರ್ ಬರುವ ಹಾಗೆ ಕೂತರೆ ತೂಕ ತಾನಾಗಿ ಸರಿಹೋಗುತ್ತದೆ. ರೆಕಾರ್ಡರಿನ ಮುಖ ಮಾಲೆಮ್ ಕಡೆಗೆ, ಬೆನ್ನು ಆದಷ್ಟು ಕ್ರಾಕೆಬ್ ಕಡೆಗೆ. ಬ್ಯಾಟರಿ ಸ್ಪೀಕರ್ ಇಟ್ಟು ಗೆಂಬ್ರಿಯನ್ನು ಜೋರು ಮಾಡಿದ್ದರೆ ಸ್ಪೀಕರಿಗೆ ನೇರ ಹಿಡಿಯಬೇಡಿ. ಅದರೊಳಗೆ ಒಡೆದ ಧ್ವನಿಯನ್ನು ಆಮೇಲೆ ಯಾವ ತಂತ್ರಾಂಶವೂ ಕೂಡಿಸಲಾರದು. ಸ್ಪೀಕರಿಗೂ ವಾದ್ಯಕ್ಕೂ ನಡುವೆ ಓರೆಯಾಗಿ ಹಿಡಿಯಿರಿ. ಕೈಯಲ್ಲಿ ಹಿಡಿದರೆ ಬೆರಳಾಡಿದ ಸದ್ದೆಲ್ಲ ಸೇರುತ್ತದೆ, ಸಣ್ಣ ಟ್ರೈಪಾಡ್ ಮಡಿಲಲ್ಲಿಡಿ. ಒಲೆಯ ಗಾಳಿ ಬೀಸುವ ದಿಕ್ಕಿಗೆ ಕೂರಬೇಡಿ. ಮಾಂಸ ಸುಡುವ ಹೊಗೆ ಗಂಟಲು ಹಿಡಿದರೆ ನಿಮ್ಮ ಕೆಮ್ಮೂ ಹಾಡಿನಲ್ಲಿ ಉಳಿಯುತ್ತದೆ.

ಪರೀಕ್ಷೆಗೆ ನಿಮ್ಮ ಭಜನಿ ಮೇಳವೇ ಸಾಕು. ಕಂಚಿನ ತಾಳದಿಂದ ಎರಡು ಮೀಟರ್, ಹಾರ್ಮೋನಿಯಂನಿಂದ ಒಂದು ಮೀಟರ್ ಕೂತು ಹತ್ತು ನಿಮಿಷ ಹಿಡಿಯಿರಿ. ತಾಳ ಒಡೆಯದೆ ಹಾರ್ಮೋನಿಯಂನ ಖರ್ಜ ಸ್ವರ ಕೇಳಿದರೆ ಗೇನಿನ ಆ ಅಂಕಿ ಬರೆದಿಟ್ಟುಕೊಳ್ಳಿ, ಚೌಕದಲ್ಲಿ ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಶುರು ಮಾಡಿ.

ಕಿವಿಯದ್ದೂ ಹೇಳಬೇಕು. 85 ಡಿಬಿ ಸದ್ದಿನಲ್ಲಿ ಎಂಟು ತಾಸು ಇರಬಹುದು. ಅಲ್ಲಿಂದ ಪ್ರತಿ 3 ಡಿಬಿಗೆ ಅವಧಿ ಅರ್ಧವಾಗುತ್ತದೆ, 100 ಡಿಬಿಗೆ ಹದಿನೈದೇ ನಿಮಿಷ. ಕಬ್ಬಿಣದ ತಾಳದ ಪಕ್ಕ ಒಂದು ಗಂಟೆ ಕೂರುವವರು ಸಂಗೀತಗಾರರು ಹಾಕುವ ಇಯರ್‌ಪ್ಲಗ್ ಒಯ್ಯಲೇಬೇಕು. ಹತ್ತಿ ತುರುಕಿದರೆ ಪ್ರಯೋಜನ ಇಲ್ಲ.

---

ಉಣಕಲ್_ದಂಡಿ, ಹುಬ್ಬಳ್ಳಿ

ಇಷ್ಟು ಬಿಡಿಸಿ ಹೇಳ್ತೀರಿ ಅಂತ ಅಂದ್ಕೊಂಡಿರ್ಲಿಲ್ರಿ, ಭಾಳ ಉಪಕಾರ ಆತು. ಇನ್ನೆರಡು ಕೇಳ್ತೀನಿ. ಗ್ನಾವಾ ಅಂದ್ರ ನಮ್ಮ ಹಳಿಯಾಳ, ಕಲಘಟಗಿ ಕಡೆ ಸಿದ್ದಿ ಜನರ ಡಮಾಮಿ ಕುಣಿತ ಇದ್ದಂಗ ಅಂತ ಒಂದು ವಿಡಿಯೋದಾಗ ಹೇಳಿದ್ರು, ಎರಡೂ ಒಂದ ಮೂಲನ ಏನು? ಮತ್ತ, ಕ್ರಾಕೆಬ್ ಅಥವಾ ಬೆಂದಿರ್ ಕೊಂಡು ತರಬೇಕಂತ ಆಸೆ ಐತಿ, ನೋಡಿ ತಗೊಳ್ಳೋದು ಹೆಂಗ?

---

ಕಿನ್ನರಿ_ನಾದ, ಗದಗ

ಮೂಲ ಒಂದಲ್ಲ. ಗ್ನಾವಾದವರ ಹಿರಿಯರು ಸಹಾರಾ ಮರುಭೂಮಿಯ ಆಚೆಯ ಪಶ್ಚಿಮ ಆಫ್ರಿಕದವರು, ಬಹಳ ಮಂದಿ ಗುಲಾಮರಾಗಿ ಮರುಭೂಮಿ ದಾಟಿ ಬಂದವರು. ಅವರ ಹಾಡಿನಲ್ಲಿ ಇವತ್ತಿಗೂ ಬಂಬಾರಾ ಭಾಷೆಯ ಮಾತುಗಳಿವೆ. ಮೊದಲ ಅಜಾನ್ ಕೂಗಿದ ಬಿಲಾಲರನ್ನು ತಮ್ಮ ಮೂಲಪುರುಷ ಎಂದು ನೆನೆಯುತ್ತಾರೆ. ನಮ್ಮ ಸಿದ್ದಿಗಳ ಹಿರಿಯರು ಹೆಚ್ಚಾಗಿ ಪೂರ್ವ ಆಫ್ರಿಕದಿಂದ ಸಮುದ್ರದ ದಾರಿಯಲ್ಲಿ, ಅರಬ್ಬರ ಮತ್ತು ಪೋರ್ಚುಗೀಸರ ಹಡಗಿನಲ್ಲಿ ಬಂದವರು. ಪಟ್ಟ ಪಾಡು ಒಂದೇ ಜಾತಿಯದು, ದಾರಿ ಬೇರೆ, ವಾದ್ಯ ಬೇರೆ. ವಿಡಿಯೋದವರು ಹೋಲಿಕೆಯನ್ನು ನೆಂಟಸ್ತನ ಮಾಡಿಬಿಟ್ಟಿದ್ದಾರೆ.

ಚೌಕದಲ್ಲಿ ಕೇಳುವುದೇ ಪೂರ್ತಿ ಗ್ನಾವಾ ಎಂದುಕೊಳ್ಳಬಾರದು. ಪೂರ್ತಿಯದು ಲೀಲಾ. ಅರಬ್ಬಿಯಲ್ಲಿ ರಾತ್ರಿ ಎಂದೇ ಅರ್ಥ. ಮನೆಯೊಳಗೆ ಸಂಜೆಯಿಂದ ಬೆಳಗಿನ ತನಕ ನಡೆಯುವ ವಿಧಿ, ಒಂದೊಂದು ಬಣ್ಣಕ್ಕೆ ಒಂದೊಂದು ಹಾಡಿನ ಸರಣಿ, ಒಂದೊಂದು ಧೂಪ. ಜಾವಿ ಎಂಬ ಆ ಧೂಪ ದರ್ಗಾದಲ್ಲಿ ಹಾಕುವ ಲೋಬಾನವೇ. ರೋಗಕ್ಕೆ, ಮೈಮೇಲೆ ಬರುವುದಕ್ಕೆ ಸಂಬಂಧಪಟ್ಟದ್ದು. ಪ್ರವಾಸಿಗರಿಗೆ ಟಿಕೆಟ್ ಹಚ್ಚಿ ಮಾರುವುದು ಅದರ ಅನುಕರಣೆ ಅಷ್ಟೇ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಗ್ನಾವಾ ಬೇರೆಯಾಗಿಯೇ ಸೇರಿದೆ. ಚೌಕದ ಹಲ್ಕಾದಲ್ಲೂ ಒಮ್ಮೊಮ್ಮೆ ಕೇಳುಗರಲ್ಲಿ ಯಾರಾದರೂ ಮೈಮರೆತು ತೂಗಲು ಶುರು ಮಾಡಬಹುದು. ಆಗ ಕ್ಯಾಮೆರಾ ಕೆಳಗಿಳಿಸಿ, ಜಾಗ ಬಿಡಿ. ಮೈಲಾರ, ದೇವರಗುಡ್ಡದಲ್ಲಿ ಗೊರವಯ್ಯನ ಮುಂದೆ ಹೇಗೆ ಇರುತ್ತೇವೋ ಹಾಗೆ.

ಮುಂದೆ ಎಂದಾದರೂ ಹೋಗುವವರಿಗೆ: ಎಸ್ಸಾವಿರಾ ಎಂಬ ಕಡಲೂರಿನಲ್ಲಿ 1998ರಿಂದ ಗ್ನಾವಾ ಉತ್ಸವ ನಡೆಯುತ್ತಿದೆ, ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ. ಮರಾಕೆಶ್‌ನಿಂದ ಬಸ್ಸಿಗೆ ಮೂರು ತಾಸಿನ ದಾರಿ.

---

ತೊಗಲು_ಹದ, ರಾಣೆಬೆನ್ನೂರು

ವಾದ್ಯದ್ದು ಕೇಳ್ರಿ. ಚೌಕದ ಸುತ್ತ ತೂಗು ಹಾಕಿರೋ ಬಣ್ಣದ ಸಣ್ಣ ಗೆಂಬ್ರಿ, ಪುಟ್ಟ ಡೋಲು ಎಲ್ಲಾ ಗೋಡಿಗೆ ಹಾಕಾಕ ಮಾಡಿದ್ದು, ನುಡಸಾಕಲ್ಲ. ಮರದ ಡಬ್ಬಿ ಅಂಟಿಸಿ ಮಾಡಿದ ಗೆಂಬ್ರಿ ಬ್ಯಾಡ. ಒಂದ ದಿಮ್ಮಿಯೊಳಗ ಕೊರದದ್ದಾದ್ರ ಹಿಂಬದಿಯೊಳಗ ಜೋಡಣಿ ಗೆರಿ ಇರೂದಿಲ್ಲ, ಮರದ ಎಳಿ ಈ ತುದಿಯಿಂದ ಆ ತುದಿಗೆ ಹರದಿರ್ತೈತಿ. ನುಡಸೋ ಗೆಂಬ್ರಿ ಒಂದು ಮೀಟರ್ ಮ್ಯಾಲ ಉದ್ದ, ವಿಮಾನದಾಗ ಕೈಚೀಲದ ಕೂಡ ಬರೂದಿಲ್ಲ. ಮೂರು ರಾತ್ರಿಯ ಪಯಣಕ್ಕ ಕ್ರಾಕೆಬ್, ಬೆಂದಿರ್ ಎರಡ ಸಾಕು.

ಕ್ರಾಕೆಬ್ ತಗಡಿನ ಅಂಚು ಬೆರಳಲೆ ಸವರಿ ನೋಡ್ರಿ. ಚೂಪು ಇದ್ರ ಹತ್ತು ನಿಮಿಷಕ್ಕ ಕೈ ಕೊಯ್ತೈತಿ. ಎರಡು ತಗಡು ಜೋಡಿಸಿ ದೀಪಕ್ಕ ಹಿಡೀರಿ, ಅಂಚು ಸುತ್ತ ಕೂಡಿರಬೇಕು; ಒಂದು ಕಡೆ ಬೆಳಕು ಹಾಯ್ದ್ರ ಸದ್ದು ಟಪ್ ಅಂತೈತಿ, ಖಣ್ ಅನ್ನೂದಿಲ್ಲ. ಎರಡೂ ಕೈ ಜೋಡಿ ಬ್ಯಾರೆ ಬ್ಯಾರೆ ಬಡಿದು ಕೇಳ್ರಿ. ಪ್ರತಿ ತಗಡಿಗೂ ದಾರದ ಕುಣಿಕಿ ಇರ್ತೈತಿ: ಒಂದಕ್ಕ ಹೆಬ್ಬಟ್ಟು, ಇನ್ನೊಂದಕ್ಕ ನಡುವಿನ ಬೆರಳು. ಕುಣಿಕಿ ಸಡ್ಲ ಆದ್ರ ತಗಡು ತಿರಗತೈತಿ, ಬಿಗಿ ಆದ್ರ ಬೆರಳು ಮರಗಟ್ಟತೈತಿ. ನಮ್ಮ ಚಿಟಕಿ ಹಿಡಿಯೋರಿಗೆ ಎರಡು ದಿನದಾಗ ಕೈ ಕೂಡತೈತಿ, ತೂಕ ಮಾತ್ರ ಹೆಚ್ಚು. ಕೈಚೀಲದಾಗ ಇಡಬ್ಯಾಡ್ರಿ, ಕಬ್ಬಿಣ ಅಂತ ತಪಾಸಣಿಯೊಳಗ ತಡೀತಾರ. ಲಗೇಜಿಗೆ ಹಾಕ್ರಿ.

ಬೆಂದಿರ್ ದಮ್ಮಡಿಗಿಂತ ಅಗಲ, ಗಿಲಕಿ ಇರೂದಿಲ್ಲ. ಚರ್ಮದ ಒಳಮೈಗೆ ತಾಗಿ ಒಂದೆರಡು ಕರುಳಿನ ದಾರ ಬಿಗಿದಿರ್ತಾರ, ಝರ್ ಅನ್ನೋ ನಾದ ಅದರಿಂದ. ದಾರ ಚರ್ಮಕ್ಕ ಪೂರಾ ತಾಗಬೇಕು, ಒತ್ತಬಾರದು. ಒತ್ತಿದ್ರ ನಾದ ಸಾಯ್ತೈತಿ. ಚೌಕಟ್ಟಿನಾಗ ಹೆಬ್ಬಟ್ಟಿನ ತೂತು ಇರ್ತೈತಿ, ಅಲ್ಲೆ ಹಿಡಿದು ಎತ್ತಿ ನೋಡ್ರಿ, ಮಣಿಕಟ್ಟಿಗೆ ತೂಕ ಹತ್ತಬಾರದು. ಚೌಕಟ್ಟು ಗುಂಡಗ ಐತೇನು ಅಂತ ನಾಲ್ಕೂ ಕಡಿಂದ ಗೇಣು ಹಾಕಿ ಅಳೀರಿ, ಹಸಿ ಮರದಾಗ ಮಾಡಿದ್ದು ಒಣಗಿದ ಮ್ಯಾಲ ಮೊಟ್ಟಿಯಂಗ ಸೊಟ್ಟ ಆಗಿರ್ತೈತಿ. ಚರ್ಮವನ್ನ ಬೆಳಕಿಗೆ ಹಿಡಿದ್ರ ತೆಳು ಜಾಗ ಕಾಣತೈತಿ. ಅಂಚಿನಾಗ ತೆಳು ಇದ್ರ ಬಿಟ್ಟುಬಿಡ್ರಿ, ಹರಿಯೋದು ಅಲ್ಲೇ.

ಮರಾಕೆಶ್ ಒಣ ಹವಾ, ಅಲ್ಲೆ ಚರ್ಮ ಬಿಗಿ ಇರ್ತೈತಿ. ಚಳಿ ರಾತ್ರಿಯೊಳಗ ಅವರೂ ಬೆಂದಿರ್ ಬೆಂಕಿಗೆ ಹಿಡಿದು ಕಾಯಿಸ್ತಾರ, ನಾವು ಹೋಳಿಯೊಳಗ ಹಲಗಿ ಕಾಯಿಸಿದಂಗ. ಅದನ್ನ ಇಲ್ಲಿಗೆ ತಂದಮ್ಯಾಲ ಮಳಗಾಲದಾಗ ಚರ್ಮ ನೀರು ಎಳಕೊಂಡು ಜೋಲು ಬೀಳತೈತಿ, ಝರ್ ಹೋಗಿ ಬದ್ ಅಂತೈತಿ. ಕೆಟ್ಟಿತು ಅಂತ ತಿಳೀಬ್ಯಾಡ್ರಿ. ಕೆಂಡದ ಮ್ಯಾಲ ಒಂದು ಮೊಳ ಎತ್ತರದಾಗ ತಿರಗಿಸ್ತಾ ಕಾಯಿಸ್ರಿ, ಒಂದ ಕಡೆ ಹಿಡೀಬ್ಯಾಡ್ರಿ. ಅಂಗೈ ಇಟ್ರ ಬೆಚ್ಚಗ ಹತ್ತಬೇಕು, ಸುಡಬಾರದು. ಗ್ಯಾಸ್ ಒಲಿ ಉರಿಗೆ ನೇರ ಹಿಡಿದ್ರ ಚರ್ಮ ಸುರುಟಿ ಸೀಳತೈತಿ. ನುಡಿಸಿದ ಮ್ಯಾಲ ಒಳಗಿನ ಕರುಳಿನ ದಾರ ಒಂದಿಷ್ಟು ಸಡ್ಲ ಬಿಟ್ಟು, ಅರಿವಿ ಸುತ್ತಿ, ಗೋಡಿಗೆ ತಾಗದಂಗ ತೂಗು ಹಾಕ್ರಿ.